ಶಾಲೆಯ ಲೈಬ್ರರಿಯನ್ ಜೊತೆ ಪ್ರಶ್ನೋತ್ತರ: ಮಕ್ಕಳಿಗೆ ಯಾವ ವೆಬ್‌ಸೈಟ್, ಯಾಕೆ?

ನಮಸ್ಕಾರ. ನಾನು ಶಾಲೆಯೊಂದರ ಲೈಬ್ರರಿ ನೋಡಿಕೊಳ್ಳುತ್ತೇನೆ. ಕಪಾಟುಗಳ ಪಕ್ಕದಲ್ಲೇ ಆರು ಕಂಪ್ಯೂಟರ್ ಇವೆ. ಮಕ್ಕಳು ಅಲ್ಲಿ ಏನು ತೆರೆಯುತ್ತಾರೆ, ಎಷ್ಟು ಹೊತ್ತಿಗೆ ಮುಚ್ಚುತ್ತಾರೆ, ಎದ್ದು ಹೋಗುವಾಗ ಏನು ಮಾತಾಡಿಕೊಳ್ಳುತ್ತಾರೆ ಅನ್ನುವುದನ್ನು ಹನ್ನೆರಡು ವರ್ಷದಿಂದ ನೋಡುತ್ತಾ ಬಂದಿದ್ದೇನೆ. ಉಪಯೋಗಕ್ಕೂ ಬರುವ, ಖುಷಿಯೂ ಕೊಡುವ ತಾಣಗಳ ಬಗ್ಗೆ ಏನು ಬೇಕಾದರೂ ಕೇಳಿ. ನಾನು ಬಳಸಿ, ಮಕ್ಕಳ ಕೈಗೂ ಕೊಟ್ಟು ನೋಡಿದವನ್ನು ಮಾತ್ರ ಹೇಳುತ್ತೇನೆ.

ಪ್ರಶ್ನೆ (ಆರನೇ ತರಗತಿ ಹುಡುಗನ ತಂದೆ): ಮೇಡಂ, ‘ಮಕ್ಕಳಿಗೆ ನೂರು ಅತ್ಯುತ್ತಮ ವೆಬ್‌ಸೈಟ್‌ಗಳು’ ಅಂತ ಒಂದು ಪಟ್ಟಿ ಸಿಕ್ಕಿತು. ಪ್ರಿಂಟ್ ತೆಗೆಸಿ ಮಗನ ಮೇಜಿನ ಎದುರು ಅಂಟಿಸಿದೆ. ಎರಡು ತಿಂಗಳಾಯಿತು, ಒಂದನ್ನೂ ತೆರೆದಿಲ್ಲ. ಅವನಿಗೆ ಆಸಕ್ತಿ ಇಲ್ಲವೋ, ಪಟ್ಟಿಯೇ ಸರಿ ಇಲ್ಲವೋ?

ಉತ್ತರ: ಹುಡುಗನದೇನೂ ತಪ್ಪಿಲ್ಲ ಸರ್. ಪಟ್ಟಿಯಲ್ಲಿರುವ ನೂರೂ ಒಳ್ಳೆಯವೇ ಇರಬಹುದು, ಆದರೆ ಅದರಲ್ಲಿ ಅವನೇ ಇಲ್ಲ. ಲೈಬ್ರರಿ ಕೆಲಸ ಕಲಿಯುವವರೆಲ್ಲ ಎಸ್. ಆರ್. ರಂಗನಾಥನ್ ಅವರ ಐದು ಸೂತ್ರಗಳನ್ನು ಓದಿರುತ್ತಾರೆ. 1931ರಲ್ಲಿ ಬಂದವು. ಅದರಲ್ಲಿ ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ. ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ. ‘ಪುಸ್ತಕ’ ಅಂದಿರುವ ಕಡೆ ‘ವೆಬ್‌ಸೈಟ್’ ಅಂತ ಹಾಕಿಕೊಂಡರೂ ಮಾತು ಒಂದಿಷ್ಟೂ ಕೆಡುವುದಿಲ್ಲ. ನನ್ನ ಹತ್ತಿರ ಬಂದ ಮಗುವಿಗೆ ನಾನು ಒಂದೇ ಹೆಸರು ಹೇಳುತ್ತೇನೆ, ಅದೂ ಮಗುವನ್ನು ಎರಡು ಮಾತು ಕೇಳಿದ ಮೇಲೆ. ಈಚೆಗೆ ಅವನು ನಿಮ್ಮನ್ನು ಕೇಳಿ, ನಿಮಗೆ ಉತ್ತರ ಹೊಳೆಯದೆ ಹೋದ ಪ್ರಶ್ನೆ ಯಾವುದು, ನೆನಪಿದೆಯೇ?

ಅದೇ ತಂದೆ: ಪೆನ್ಸಿಲ್ ಕಡ್ಡಿಯಲ್ಲಿ ಕರೆಂಟ್ ಹರಿಯುತ್ತಾ ಅಂತ ಕೇಳಿದ್ದ. ‘ಆಮೇಲೆ ಹೇಳ್ತೀನಿ’ ಅಂದು ಸುಮ್ಮನಾಗಿದ್ದೆ.

ಉತ್ತರ: ಹಾಗಾದರೆ ನಿಮ್ಮ ಮಗನ ವೆಬ್‌ಸೈಟ್ ‘ಫೆಟ್’ (PhET), ವಿಜ್ಞಾನದ ಪ್ರಯೋಗಗಳನ್ನು ಪರದೆಯ ಮೇಲೆಯೇ ಮಾಡಿ ನೋಡುವ ತಾಣ. ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ್ದು. ಉಚಿತ, ಲಾಗಿನ್ ಬೇಕಿಲ್ಲ. ವಿದ್ಯುತ್ ಮಂಡಲ ಕಟ್ಟುವ ಒಂದು ಪ್ರಯೋಗ ಅದರಲ್ಲಿದೆ. ಬ್ಯಾಟರಿ, ತಂತಿ, ಬಲ್ಬುಗಳನ್ನು ಎಳೆದು ಜೋಡಿಸಬೇಕು. ನಡುವೆ ನಾಣ್ಯ, ರಬ್ಬರು, ಪೆನ್ಸಿಲ್ ಇಟ್ಟು ನೋಡುವುದಕ್ಕೂ ಅವಕಾಶವಿದೆ. ಪೆನ್ಸಿಲ್ ಇಟ್ಟಾಗ ಬಲ್ಬು ಏನಾಗುತ್ತದೆ ಅಂತ ನಾನು ಹೇಳುವುದಿಲ್ಲ, ಅವನೇ ನೋಡಿ ನಿಮಗೆ ಹೇಳಲಿ. ತಂತಿಯನ್ನು ಬ್ಯಾಟರಿಯ ಎರಡು ತುದಿಗೂ ನೇರ ಸೇರಿಸಿದರೆ ಪರದೆಯ ಮೇಲೆ ಬೆಂಕಿ ಏಳುತ್ತದೆ. ನಮ್ಮಲ್ಲಿ ಮಕ್ಕಳು ಮೊದಲು ಮಾಡುವುದೇ ಅದನ್ನು, ಮಾಡಲಿ ಬಿಡಿ. ಆದರೆ ಗೋಡೆಯ ಪ್ಲಗ್ಗಿನಲ್ಲಿ ಇಂಥದ್ದೇನನ್ನೂ ಮಾಡಿ ನೋಡಬಾರದು ಅನ್ನುವುದನ್ನು ಪಕ್ಕದಲ್ಲೇ ಕೂತು ಹೇಳಿಬಿಡಿ. ಅಂಟಿಸಿದ ಪಟ್ಟಿಯನ್ನು ತೆಗೆದರೆ ಒಳ್ಳೆಯದು.

ಪ್ರಶ್ನೆ (ವಿದ್ಯಾರ್ಥಿನಿ): ಮೇಡಂ, ನಾನು ಏಳನೇ ಕ್ಲಾಸು. ಎಲ್ಲರೂ ಓದೋ ವೆಬ್‌ಸೈಟೇ ಹೇಳ್ತಾರೆ. ನಿಜವಾಗ್ಲೂ ಮಜಾ ಇರೋದು ಒಂದು ಹೇಳಿ.

ಉತ್ತರ: ಸರಿ ಪುಟ್ಟಿ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದನ್ನೇ ಹೇಳ್ತೀನಿ. ಅದರ ಹೆಸರು ‘ಝೂನಿವರ್ಸ್’. ಅಲ್ಲಿ ನೀನು ವಿಜ್ಞಾನಿಗಳಿಗೆ ನಿಜವಾದ ಕೆಲಸದಲ್ಲಿ ಸಹಾಯ ಮಾಡಬಹುದು. ಕಾಡಿನ ಕ್ಯಾಮೆರಾ ತೆಗೆದ ಚಿತ್ರದಲ್ಲಿರುವ ಪ್ರಾಣಿ ಯಾವುದು, ದೂರದ ನಕ್ಷತ್ರಪುಂಜ (ಗ್ಯಾಲಕ್ಸಿ) ಸುರುಳಿಯಾಗಿದೆಯೋ ಉಂಡೆಯಾಗಿದೆಯೋ, ಇಂಥ ಪ್ರಶ್ನೆಗಳು. ನೋಡಿ ಗುರುತಿಸಿದರೆ ಆಯಿತು. ತಪ್ಪಾದರೆ ಅಂತ ಹೆದರಬೇಡ, ಒಂದೇ ಚಿತ್ರವನ್ನು ಬೇರೆ ಬೇರೆ ಜನಕ್ಕೆ ತೋರಿಸಿ ಎಲ್ಲರ ಉತ್ತರವನ್ನೂ ಕೂಡಿಸಿಯೇ ತೀರ್ಮಾನ ಮಾಡುತ್ತಾರೆ.

ಇದು ಹುಟ್ಟಿದ ಕತೆ ಕೇಳು. 2007ರಲ್ಲಿ ಖಗೋಳ ವಿಜ್ಞಾನಿಗಳ ಹತ್ತಿರ ಸುಮಾರು ಹತ್ತು ಲಕ್ಷ ನಕ್ಷತ್ರಪುಂಜಗಳ ಚಿತ್ರ ಇದ್ದವು. ನಾಲ್ಕಾರು ಜನ ಕೂತು ನೋಡಿ ಮುಗಿಸುವ ಕೆಲಸವಲ್ಲ. ‘ಗ್ಯಾಲಕ್ಸಿ ಝೂ’ ಅಂತ ತಾಣ ಮಾಡಿ ಎಲ್ಲರ ಮುಂದೆ ಇಟ್ಟರು. ಮೊದಲ ವರ್ಷದಲ್ಲೇ ಐದು ಕೋಟಿ ಉತ್ತರ ಬಂತು! ಹಾಗೆ ನೋಡುತ್ತಿದ್ದವರಲ್ಲಿ ಹ್ಯಾನಿ ವಾನ್ ಆರ್ಕೆಲ್ ಅನ್ನುವ ಡಚ್ ಶಾಲಾ ಶಿಕ್ಷಕಿಯೂ ಒಬ್ಬರು. ಒಂದು ಚಿತ್ರದ ಮೂಲೆಯಲ್ಲಿ ಅವರಿಗೆ ವಿಚಿತ್ರವಾದ ಮಚ್ಚೆ ಕಂಡಿತು. ‘ಇದೇನು?’ ಅಂತ ಕೇಳಿದರು. ವಿಜ್ಞಾನಿಗಳಿಗೂ ತಕ್ಷಣ ಗೊತ್ತಾಗಲಿಲ್ಲ. ಕೊನೆಗೆ ಹಬಲ್ ದೂರದರ್ಶಕವನ್ನೇ ಅದರ ಕಡೆ ತಿರುಗಿಸಿ ಚಿತ್ರ ತೆಗೆದರು. ಅದೊಂದು ದೈತ್ಯ ಅನಿಲದ ಮೋಡ. ಪಕ್ಕದ ನಕ್ಷತ್ರಪುಂಜದ ನಡುವಿನಿಂದ ಹಿಂದೆಂದೋ ಹೊಮ್ಮಿದ ಬೆಳಕು ತಗುಲಿ ಹೊಳೆಯುತ್ತಿತ್ತು. ಈಗ ಅದಕ್ಕೆ ಅವರ ಹೆಸರೇ ಇದೆ, ‘ಹ್ಯಾನಿಯ ವಸ್ತು’ ಅನ್ನುವ ಅರ್ಥದ ಡಚ್ ಹೆಸರು. ಆ ಟೀಚರ್ ಮಾಡಿದ್ದು ಇಷ್ಟೇ: ಗೊತ್ತಾಗದ್ದನ್ನು ಕಂಡಾಗ ಮುಂದಿನ ಚಿತ್ರಕ್ಕೆ ಹೋಗದೆ ನಿಂತು ಕೇಳಿದರು.

ಇನ್ನೊಂದು ಪುಟ್ಟ ಮಜಾ. ನಾಸಾದ ‘ದಿನಕ್ಕೊಂದು ಖಗೋಳ ಚಿತ್ರ’ 1995ರ ಜೂನ್ 16ರಿಂದ ನಡೆದುಬಂದಿದೆ. ಹಳೆಯ ಚಿತ್ರಗಳೆಲ್ಲ ತಾರೀಕಿನ ಪ್ರಕಾರ ಸಿಗುತ್ತವೆ. ನೀನು ಹುಟ್ಟಿದ ದಿನದ ಚಿತ್ರ ಯಾವುದು ಅಂತ ಹುಡುಕಿ ನೋಡಿ ಇಲ್ಲೇ ಹೇಳು.

ಪ್ರಶ್ನೆ (ಪ್ರೌಢಶಾಲೆ ಶಿಕ್ಷಕರು): ನಮ್ಮಲ್ಲಿ ಪ್ರಾಜೆಕ್ಟ್‌ಗೆ ವಿಕಿಪೀಡಿಯ ನೋಡಬಾರದು ಅಂತ ನಿಯಮ ಮಾಡಿದ್ದೇವೆ. ಯಾರು ಬೇಕಾದರೂ ಬರೆಯಬಹುದಲ್ಲ. ಮಕ್ಕಳು ಅದರ ಬದಲು ಎಲ್ಲೆಲ್ಲಿಂದಲೋ ತರುತ್ತಾರೆ, ಅವು ಇನ್ನೂ ಕೆಟ್ಟದಾಗಿರುತ್ತವೆ. ನೀವು ಏನು ಮಾಡುತ್ತೀರಿ?

ಉತ್ತರ: ಸರ್, ಆ ನಿಯಮವನ್ನು ನಾನಾದರೆ ತೆಗೆಯುತ್ತೇನೆ. ವಿಕಿಪೀಡಿಯದಲ್ಲಿ ನಿಲ್ಲಬಾರದು ನಿಜ, ಆದರೆ ಅಲ್ಲಿಂದ ಹೊರಡುವುದರಲ್ಲಿ ತಪ್ಪೇನಿದೆ? ಲೇಖನದ ಕೆಳಗಿರುವ ಉಲ್ಲೇಖಗಳಲ್ಲಿ ಎರಡನ್ನಾದರೂ ತೆರೆದು ಓದಬೇಕು, ಅಲ್ಲಿ ಸಿಕ್ಕಿದ್ದನ್ನೇ ಬರೆಯಬೇಕು. ನಮ್ಮ ಲೈಬ್ರರಿಯ ನಿಯಮ ಇದು. ಆ ಮೇಲೆ ‘ಇತಿಹಾಸ’ ಅನ್ನುವ ಭಾಗ ತೆರೆಸಿ ಯಾರು ಯಾವಾಗ ಏನು ತಿದ್ದಿದರು ಅನ್ನುವುದನ್ನು ತೋರಿಸುತ್ತೇನೆ. ಇಷ್ಟು ಬಿಚ್ಚಿ ತೋರಿಸುವ ತಾಣಗಳು ಕಡಿಮೆ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಇಂಗ್ಲಿಷಿನಲ್ಲಿ ಪುಟಗಟ್ಟಲೆ ಇರುವ ವಿಷಯ ಕನ್ನಡದಲ್ಲಿ ನಾಲ್ಕೇ ಸಾಲು ಇದ್ದರೆ ಮಕ್ಕಳಿಗೆ ಬೇಸರವಾಗುತ್ತದೆ. ಐದನೇ ಸಾಲನ್ನು ಅವರೇ, ಟೀಚರ್ ಜೊತೆ ಕೂತು, ಆಧಾರ ಕೊಟ್ಟು ಸೇರಿಸಬಹುದಲ್ಲ?

ನೀವು ಹೇಳಿದ ‘ಎಲ್ಲೆಲ್ಲಿಂದಲೋ’ ಅನ್ನುವುದೇ ನನಗೆ ದೊಡ್ಡ ಚಿಂತೆ. ಅದಕ್ಕಾಗಿ ಪ್ರತಿ ವರ್ಷ ಎಂಟನೇ ತರಗತಿಗೆ ಒಂದು ಪೀರಿಯಡ್ ಇಟ್ಟುಕೊಂಡಿದ್ದೇನೆ. ಮರದ ಮೇಲೆ ವಾಸಿಸುವ ಆಕ್ಟೋಪಸ್ ಬಗ್ಗೆ 1998ರಿಂದ ಒಂದು ಇಂಗ್ಲಿಷ್ ತಾಣ ಇದೆ. ಅಮೆರಿಕದ ವಾಯವ್ಯ ಭಾಗದ ಮಳೆಕಾಡುಗಳಲ್ಲಿ ಇರುತ್ತದಂತೆ, ಅಳಿವಿನ ಅಂಚಿನಲ್ಲಿದೆಯಂತೆ, ಕಾಪಾಡಿ ಅನ್ನುವ ಮನವಿ ಬೇರೆ. ಚಿತ್ರಗಳಿವೆ, ಜೀವನಚಕ್ರದ ವಿವರಣೆ ಇದೆ. ಎಲ್ಲ ಕಟ್ಟುಕತೆ. ಏನೂ ಹೇಳದೆ ಮಕ್ಕಳ ಮುಂದೆ ತೆರೆದಿಡುತ್ತೇನೆ, ‘ಈ ಪ್ರಾಣಿಯ ಬಗ್ಗೆ ಐದು ಸಾಲು ಬರೆಯಿರಿ’ ಅನ್ನುತ್ತೇನೆ. ಹೆಚ್ಚಿನವರು ಶ್ರದ್ಧೆಯಿಂದ ಬರೆದು ಕೊಡುತ್ತಾರೆ. ಸುಳ್ಳು ಅಂದಾಗ ಕೆಲವರಿಗೆ ಸಿಟ್ಟೂ ಬರುತ್ತದೆ. ಆ ಸಿಟ್ಟು ಇರುವಾಗಲೇ ಕಲಿಸಿಬಿಡಬೇಕು: ಒಂದು ಪುಟ ನಂಬಿಕೆಗೆ ಯೋಗ್ಯವೋ ಅಲ್ಲವೋ ಅನ್ನುವುದನ್ನು ಅದೇ ಪುಟವನ್ನು ದಿಟ್ಟಿಸಿ ತಿಳಿಯುವುದು ಕಷ್ಟ. ಇನ್ನೊಂದು ಟ್ಯಾಬ್ ತೆರೆದು, ಇದರ ಬಗ್ಗೆ ಬೇರೆಯವರು ಏನು ಹೇಳಿದ್ದಾರೆ ನೋಡು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಂಗಡಿಗರು ಇತಿಹಾಸಕಾರರು, ಕಾಲೇಜು ವಿದ್ಯಾರ್ಥಿಗಳು, ಸುದ್ದಿಯ ಸತ್ಯಾಸತ್ಯ ಪರೀಕ್ಷಿಸುವ ವೃತ್ತಿಯವರು, ಈ ಮೂರೂ ಗುಂಪಿಗೆ ಇಂಥ ಪುಟಗಳನ್ನು ಕೊಟ್ಟು ನೋಡಿದ್ದಾರೆ. ಬೇಗ ಗುಟ್ಟು ಹಿಡಿದವರು ಮೂರನೆಯವರು. ಅವರು ಪುಟ ಬಿಟ್ಟು ಹೊರಗೆ ಹೋಗಿ ವಿಚಾರಿಸುತ್ತಿದ್ದರು.

ವಿಳಾಸದ ಪಕ್ಕ ಬೀಗದ ಗುರುತು ಇದ್ದರೆ ತಾಣ ನಿಜ ಹೇಳುತ್ತದೆ ಅಂತ ಮಕ್ಕಳು ಮಾತ್ರವಲ್ಲ, ಶಿಕ್ಷಕರೂ ನಂಬಿದ್ದನ್ನು ಕಂಡಿದ್ದೇನೆ. ನಿಮ್ಮ ಕಂಪ್ಯೂಟರಿಗೂ ಆ ತಾಣಕ್ಕೂ ನಡುವಿನ ಮಾತನ್ನು ಮೂರನೆಯವರು ಕದ್ದು ಓದಲಾಗದು, ಬೀಗ ಹೇಳುವುದು ಅಷ್ಟೇ. ಸುಳ್ಳು ಹೇಳುವ ತಾಣಕ್ಕೂ ಬೀಗ ಇರುತ್ತದೆ.

ಪ್ರಶ್ನೆ (ನಾಲ್ಕನೇ ತರಗತಿ ಹುಡುಗಿಯ ತಾಯಿ): ಅಕ್ಕಾ, ಎಲ್ಲ ಇಂಗ್ಲಿಷೇ ಆಯ್ತಲ್ಲ. ಕನ್ನಡದಲ್ಲಿ ಓದೋಕೆ ಏನಿದೆ?

ಉತ್ತರ: ಇದೆ ಕಣಮ್ಮ, ಕೇಳಿದ್ದು ಒಳ್ಳೆಯದಾಯಿತು. ಮಗಳಿಗೆ ‘ಸ್ಟೋರಿವೀವರ್’ ತೆರೆದುಕೊಡಿ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ, ಚಿತ್ರಗಳಿರುವ ಮಕ್ಕಳ ಕತೆಗಳ ತಾಣ. ಕತೆಗಳು ನಾಲ್ಕು ಹಂತದಲ್ಲಿವೆ: ಒಂದನೆಯದರಲ್ಲಿ ಪುಟಕ್ಕೆ ಒಂದೆರಡು ಸಾಲು, ನಾಲ್ಕನೆಯದು ಸರಾಗವಾಗಿ ಓದುವವರಿಗೆ. ತರಗತಿಗೆ ತಕ್ಕ ಹಂತ ಅಂತ ಹಟ ಬೇಡ, ಒಂದು ಹಂತ ಕೆಳಗಿನಿಂದಲೇ ಶುರುವಾಗಲಿ. ಸಲೀಸಾಗಿ ಒಂದು ಕತೆ ಮುಗಿಸಿದ ಮಗು ತಾನಾಗಿ ಮೇಲೆ ಹತ್ತುತ್ತದೆ. ಅಲ್ಲಿನ ಚಿತ್ರಗಳನ್ನು ಇಟ್ಟುಕೊಂಡು ಸ್ವಂತ ಕತೆ ಬರೆಯಲೂಬಹುದು. ನಮ್ಮಲ್ಲಿ ಓದಲು ಮನಸ್ಸಿಲ್ಲದ ಒಬ್ಬ ಹುಡುಗ ಆನೆಯ ಚಿತ್ರ ಒಂದನ್ನು ಹಿಡಿದು ಮೂರು ದಿನ ಬರೆದ. ಬರೆಯುವುದಕ್ಕೆ ಬೇಕು ಅಂತಲೇ ಬೇರೆ ಆನೆ ಕತೆಗಳನ್ನೆಲ್ಲ ಓದಿದ.

ಪದಗಳಿಗೆ ‘ಅಲರ್’ ನೋಡಿ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ, ಎಲ್ಲರಿಗೂ ಮುಕ್ತ. ಒಬ್ಬ ಮನುಷ್ಯ ಇಷ್ಟು ಮಾಡಬಹುದೇ ಅಂತ ಅದನ್ನು ತೆರೆದಾಗಲೆಲ್ಲ ನನಗೆ ಬೆರಗು. ಮಗಳು ದೊಡ್ಡವಳಾದ ಮೇಲೆ ‘ವಚನ ಸಂಚಯ’ ತೋರಿಸಿ. ಒಂದು ಪದ ಕೊಟ್ಟರೆ ಅದು ಯಾವ ಯಾವ ವಚನಕಾರರಲ್ಲಿ ಬಂದಿದೆ ಅನ್ನುವುದು ಸಿಗುತ್ತದೆ. ‘ನೀರು’ ಅಂತ ಹುಡುಕಿ ನೋಡಿ.

ಪ್ರಶ್ನೆ (ಒಂದನೇ ತರಗತಿ ಮಗುವಿನ ತಾಯಿ): ಆರು ವರ್ಷದವನಿಗೆ?

ಉತ್ತರ: ನಿಮ್ಮ ತೊಡೆ ಮೇಲೆ ಕೂರಿಸಿಕೊಂಡು ಸ್ಟೋರಿವೀವರ್‌ನ ಮೊದಲ ಹಂತ. ಅವನೊಬ್ಬನ ಕೈಗೆ ಬಿಡುವಂಥ ತಾಣ ಯಾವುದನ್ನೂ ಈ ವಯಸ್ಸಿಗೆ ನಾನು ಹೇಳುವುದಿಲ್ಲ.

ಪ್ರಶ್ನೆ (ವಿದ್ಯಾರ್ಥಿ, ಒಂಬತ್ತನೇ ತರಗತಿ): ಈಗ ಎಐ ಕೇಳಿದ್ರೆ ಎಲ್ಲಾ ಹೇಳತ್ತೆ. ಇಷ್ಟೊಂದು ವೆಬ್‌ಸೈಟ್ ಯಾಕೆ ಮೇಡಂ?

ಉತ್ತರ: ಒಂದು ಘಟನೆ ಹೇಳ್ತೀನಪ್ಪ. ನಿನ್ನ ವಯಸ್ಸಿನ ಹುಡುಗಿ ಐದು ಪುಸ್ತಕಗಳ ಹೆಸರು ಬರೆದುಕೊಂಡು ಬಂದಳು, ಎಐ ಕೊಟ್ಟ ಪಟ್ಟಿ. ಲೇಖಕರ ಹೆಸರು ಸಮೇತ ಅಚ್ಚುಕಟ್ಟಾಗಿತ್ತು. ಅರ್ಧ ದಿನ ಹುಡುಕಿದೆ. ಅದರಲ್ಲಿ ಮೂರು ಪುಸ್ತಕಗಳನ್ನು ಯಾರೂ ಬರೆದೇ ಇರಲಿಲ್ಲ. ಆ ಯಂತ್ರ ಮಾತಿಗೆ ಮಾತು ಜೋಡಿಸುವುದರಲ್ಲಿ ನಿಪುಣ, ಅದಕ್ಕೇ ಸುಳ್ಳೂ ನಿಜದ ಹಾಗೆ ಕೇಳಿಸುತ್ತದೆ. ಅರ್ಥವಾಗದ ಪಾಠವನ್ನು ಸುಲಭವಾಗಿ ಬಿಡಿಸಿ ಹೇಳು ಅಂತ ಕೇಳು, ತಪ್ಪಿಲ್ಲ. ಹೆಸರು, ಇಸವಿ, ಅಂಕಿ ಬಂದ ಕಡೆ ಮಾತ್ರ ಬೇರೆ ಕಡೆ ನೋಡದೆ ಬರೆಯಬೇಡ.

ಅಲ್ಲದೆ ಉತ್ತರ ಸಿಗುವುದೇ ಎಲ್ಲವೂ ಅಲ್ಲವಲ್ಲ. ‘ಸ್ಕ್ರ್ಯಾಚ್’ ನೋಡಿದ್ದೀಯಾ? ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2007ರಲ್ಲಿ ತಂದದ್ದು, ಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿ ಆಟ ಕಟ್ಟುವ ತಾಣ. ಬೇರೆಯವರು ಮಾಡಿದ ಆಟದ ಒಳಗೆ ಇಣುಕಿ, ಹೇಗೆ ಮಾಡಿದ್ದಾರೆ ನೋಡಿ, ನಿನ್ನದೇ ಬದಲಾವಣೆ ಮಾಡಬಹುದು. ಚೆಂಡು ಗೋಡೆ ದಾಟಿ ಹೋಗುತ್ತಿದ್ದರೆ ಯಾಕೆ ಅಂತ ತಲೆ ಕೆರೆದುಕೊಂಡು ಒಂದು ಗಂಟೆ ಕೂತು, ಕೊನೆಗೆ ಸರಿಮಾಡಿದಾಗ ಆಗುವ ಸಂತೋಷವನ್ನು ಯಾರೂ ಬರೆದುಕೊಡಲಾರರು. ಖಾತೆ ತೆರೆಯುವಾಗ ನಿಜವಾದ ಹೆಸರು, ಶಾಲೆಯ ಹೆಸರು ಹಾಕಬೇಡ.

ಪ್ರಶ್ನೆ (ಪ್ರಾಥಮಿಕ ಶಾಲೆ ಶಿಕ್ಷಕಿ): ನಮ್ಮ ಶಾಲೆಯಲ್ಲಿ ಇಂಟರ್ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಉತ್ತರ: ನೆಟ್ ಇದ್ದ ದಿನ ಇಳಿಸಿಟ್ಟುಕೊಳ್ಳಿ ಮೇಡಂ. ಫೆಟ್‌ನ ಪ್ರಯೋಗಗಳು, ಸ್ಟೋರಿವೀವರ್‌ನ ಕತೆಗಳು, ಸ್ಕ್ರ್ಯಾಚ್ ಎಲ್ಲವೂ ಇಳಿಸಿಕೊಂಡ ಮೇಲೆ ನೆಟ್ ಇಲ್ಲದೆ ನಡೆಯುತ್ತವೆ. ‘ಕಿವಿಕ್ಸ್’ ಅನ್ನುವ ಉಚಿತ ತಂತ್ರಾಂಶದಲ್ಲಿ ವಿಕಿಪೀಡಿಯವನ್ನೇ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಬಹುದು.

ಏಳನೇ ಕ್ಲಾಸಿನ ವಿದ್ಯಾರ್ಥಿನಿ: ಮೇಡಂ, ನನ್ನ ಹುಟ್ಟಿದ ದಿನದ ಚಿತ್ರ ಸಿಕ್ತು! ಕೆಂಪು ಮೋಡದ ಥರ ಇದೆ. ಕೆಂಪು ಯಾಕೆ ಅಂತ ಗೊತ್ತಾಗ್ಲಿಲ್ಲ.

ಉತ್ತರ: ಚಿತ್ರದ ಕೆಳಗೆ ಖಗೋಳ ವಿಜ್ಞಾನಿಗಳೇ ಬರೆದ ವಿವರಣೆ ಇದೆ ಪುಟ್ಟಿ. ಅದರಲ್ಲಿ ಹೈಡ್ರೋಜನ್ ಅನ್ನುವ ಪದ ಇದೆಯಾ ಹುಡುಕು, ಅದರ ಮೇಲೆ ಕೊಂಡಿ ಇದ್ದರೆ ಒತ್ತು. ಓದಿ ನಿನಗೆ ತಿಳಿದಷ್ಟನ್ನು ಕನ್ನಡದಲ್ಲಿ ಮೂರು ಸಾಲು ಬರೆದು ಇಲ್ಲಿ ಹಾಕು. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀಯೋ ಅಲ್ಲಿಂದ ಮುಂದೆ ಇಬ್ಬರೂ ಸೇರಿ ನೋಡೋಣ.