ಯೋಜನೆಗಳೆಲ್ಲ ನಮ್ಮ ಜಿಲ್ಲೆಯಲ್ಲಿ, ದುಡಿಮೆ ಮಾತ್ರ ಗೋವಾದಲ್ಲಿ ಏಕೆ?

ಪ್ರಶ್ನೆ: ಕಾಳಿದಂಡೆ (ಕಾರವಾರ)

ನಾನು ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಅಭಿವೃದ್ಧಿಶೀಲ ದೇಶಗಳ ಬಡತನವನ್ನು ಕುರಿತು ಓದುವಾಗಲೆಲ್ಲ ಒಂದೇ ಮಾತು ಎದುರಾಗುತ್ತದೆ: ಬಂಡವಾಳ ಬಂದರೆ ಉದ್ಯೋಗ ಬರುತ್ತದೆ, ಉದ್ಯೋಗ ಬಂದರೆ ಬಡತನ ಹಿಂದೆ ಸರಿಯುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನು ನೋಡಿದರೆ ಈ ಮಾತು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಕಾಳಿ ನದಿಯೊಂದಕ್ಕೇ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಸಾಲು ಅಣೆಕಟ್ಟುಗಳಿವೆ. ಕೊಂಕಣ ರೈಲು 1998ರಲ್ಲಿ ಪೂರ್ಣವಾಗಿ ಓಡತೊಡಗಿತು, ಕೈಗಾದಲ್ಲಿ 2000ದಿಂದ ಅಣು ವಿದ್ಯುತ್ ಉತ್ಪಾದನೆಯಾಗುತ್ತಿದೆ, 2005ರಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಇಷ್ಟೆಲ್ಲ ಇದ್ದೂ ಬೆಳಗಿನ ಹೊತ್ತು ಕಾರವಾರದಿಂದ ಗೋವಾದ ಮಡಗಾಂವ್ ಕಡೆಗೆ ಹೊರಡುವ ರೈಲಿನಲ್ಲಿ ಡಬ್ಬಿ ಹಿಡಿದು ಕೂತಿರುವವರು ನಮ್ಮ ಊರಿನ ಹುಡುಗರೇ. ಬಂಡವಾಳ ಬಂದಿರುವುದು ಸುಳ್ಳಲ್ಲ, ಹಾಗಾದರೆ ಅದು ಎಲ್ಲಿ ಸೋರಿಹೋಯಿತು? ಬೇರೆ ಬಡ ದೇಶಗಳಲ್ಲಿಯೂ ಹೀಗೆ ಆಗಿದೆಯೇ? ಕಿರು ಪ್ರಬಂಧವೊಂದನ್ನು ಬರೆಯಬೇಕಾಗಿದೆ. ತಿಳಿದವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಉತ್ತರ: ಗಜನಿ ಮೇಷ್ಟ್ರು (ಕುಮಟಾ)

ಆಗಿದೆ ತಂಗಿ, ಅದೂ ಅಣೆಕಟ್ಟಿನ ವಿಷಯದಲ್ಲಿಯೇ ಆಗಿದೆ. ಘಾನಾ ದೇಶದ ವೋಲ್ಟಾ ನದಿಯ ಮೇಲೆ 1965ರಲ್ಲಿ ಅಕೊಸೊಂಬೊ ಅಣೆಕಟ್ಟು ಮುಗಿದಾಗ ಸುಮಾರು 80 ಸಾವಿರ ಜನ ಮನೆಮಠ ಕಳೆದುಕೊಂಡಿದ್ದರು. ಆ ವಿದ್ಯುತ್ತಿನ ಬಹುಪಾಲು ಹೋದದ್ದು ಟೆಮಾ ಬಂದರಿನಲ್ಲಿದ್ದ, ವಿದೇಶಿ ಕಂಪನಿಗಳ ಒಡೆತನದ ಅಲ್ಯೂಮಿನಿಯಂ ಕಾರ್ಖಾನೆಗೆ. ಅದೂ ತೀರ ಅಗ್ಗದ ದರಕ್ಕೆ, ದೀರ್ಘಾವಧಿಯ ಕರಾರಿನ ಮೇಲೆ. ಘಾನಾದಲ್ಲಿಯೇ ಬಾಕ್ಸೈಟ್ ಅದಿರು ಇದ್ದರೂ ಕಾರ್ಖಾನೆ ತನ್ನ ಕಚ್ಚಾವಸ್ತುವನ್ನು ಹಡಗಿನಲ್ಲಿ ಹೊರದೇಶದಿಂದ ತರಿಸಿಕೊಂಡಿತು. ನೀರು ಘಾನಾದ್ದು, ಮುಳುಗಿದ ನೆಲ ಘಾನಾದ್ದು. ಉಳಿದದ್ದರ ಲೆಕ್ಕವೆಲ್ಲ ಬೇರೆ ಕಡೆ.

ಆಲ್ಬರ್ಟ್ ಹರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞ 1958ರಲ್ಲಿಯೇ ಇದಕ್ಕೊಂದು ಸರಳ ಅಳತೆಗೋಲು ಕೊಟ್ಟಿದ್ದಾರೆ. ಒಂದು ಉದ್ಯಮಕ್ಕೆ ಹಿಂಬದಿಯ ಕೊಂಡಿ ಎಷ್ಟಿದೆ, ಅಂದರೆ ಸುತ್ತಲಿನವರಿಂದ ಅದು ಏನೇನು ಕೊಳ್ಳುತ್ತದೆ, ಮತ್ತು ಮುಂಬದಿಯ ಕೊಂಡಿ ಎಷ್ಟಿದೆ, ಅಂದರೆ ಅದರ ಉತ್ಪನ್ನವನ್ನು ಹಿಡಿದು ಸುತ್ತಲಿನವರು ಮತ್ತೇನು ಕಟ್ಟಬಲ್ಲರು, ಎಂದು ನೋಡಬೇಕು. ಅಣು ಸ್ಥಾವರದ ಇಂಧನ ಹೈದರಾಬಾದಿನಿಂದ ಬರುತ್ತದೆ, ಎಂಜಿನಿಯರುಗಳು ಅಖಿಲ ಭಾರತ ಮಟ್ಟದ ಪರೀಕ್ಷೆ ಬರೆದು ಬರುತ್ತಾರೆ, ವಿದ್ಯುತ್ತು ತಂತಿ ಹಿಡಿದು ಘಟ್ಟ ಹತ್ತುತ್ತದೆ. ನೌಕಾನೆಲೆಯಂತೂ ಬೇಲಿಯೊಳಗೇ ಇರಬೇಕಾದ ವ್ಯವಸ್ಥೆ. ದೇಶಕ್ಕೆ ಎರಡೂ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಪಕ್ಕದ ಹಳ್ಳಿಯ ಜೊತೆ ಇವುಗಳ ಕೊಂಡಿ ತೆಳುವಾಗಿಯೇ ಇರುತ್ತದೆ.

ಹೋಲಿಕೆಗೆ ಬೋಟ್ಸ್‌ವಾನಾವನ್ನು ಓದಿ. 1966ರಲ್ಲಿ ಸ್ವತಂತ್ರವಾದಾಗ ಅದು ಜಗತ್ತಿನ ಕಡುಬಡ ದೇಶಗಳಲ್ಲಿ ಒಂದು. ಮರುವರ್ಷ ಒರಾಪಾದಲ್ಲಿ ವಜ್ರ ಸಿಕ್ಕಿತು. ಸರಕಾರ ಗಣಿ ಕಂಪನಿಯಲ್ಲಿ ಕಾಲಕ್ರಮೇಣ ಅರ್ಧ ಪಾಲು ಪಡೆದು, ಬಂದ ಹಣವನ್ನು ಶಾಲೆ, ಆಸ್ಪತ್ರೆ, ರಸ್ತೆಗಳಿಗೆ ಹಾಕಿತು. ಅಸಮಾನತೆ, ನಿರುದ್ಯೋಗ ಅಲ್ಲಿ ಇಂದಿಗೂ ಹೆಚ್ಚು. ಆದರೂ ತೈಲವಿದ್ದ ನೈಜೀರಿಯಾಕ್ಕಿಂತ ಅದು ಬಹಳ ಮುಂದೆ ಬಂದಿತು. ನೆಲದಡಿಯ ಸಂಪತ್ತಿಗಿಂತ ಕರಾರು ಪತ್ರದಲ್ಲಿ ಯಾರ ಪಾಲು ಎಷ್ಟೆಂದು ಬರೆದುಕೊಂಡರೋ ಅದು ಅಲ್ಲಿ ಹೆಚ್ಚು ಕೆಲಸ ಮಾಡಿತು.

ಉತ್ತರ: ಸೂಪಾ ಮೊಮ್ಮಗ (ರಾಮನಗರ)

ಮೇಷ್ಟ್ರು ಹೇಳಿದ ಘಾನಾದ ಕಥೆಯನ್ನು ಓದುವಾಗ ನಮ್ಮ ಅಜ್ಜನ ಮಾತು ಕೇಳಿದಂತಾಯಿತು. ಹಳೆಯ ಸೂಪಾ ಮುಳುಗುವ ಮೊದಲು ಲಾರಿಯಲ್ಲಿ ಸಾಮಾನು ಹೇರಿ ಬಂದವರು ನಾವು. ಅಜ್ಜಿ ಹಟ ಹಿಡಿದು ತಂದ ಒರಳುಕಲ್ಲು ಇನ್ನೂ ಅಂಗಳದಲ್ಲಿದೆ. ರುಬ್ಬುವವರಿಲ್ಲ, ಬೆಕ್ಕು ಮಲಗುತ್ತದೆ. ಗದ್ದೆಗೆ, ಮನೆಗೆ ಪರಿಹಾರ ಬಂದಿತು, ಇಲ್ಲವೆಂದು ಹೇಳಲಾರೆ. ಆದರೆ ಕಾಡಿನ ಮುರುಗಲು, ಉಪ್ಪಾಗೆ, ಜೇನು, ದರಕು (ಒಣ ತರಗೆಲೆ), ಹೊಳೆಯ ಮೀನು ಇವು ಯಾವುದೂ ಪಹಣಿಯಲ್ಲಿ ಇರಲಿಲ್ಲವಾದ್ದರಿಂದ ಯಾವ ಕಾಗದದಲ್ಲಿಯೂ ಬರಲಿಲ್ಲ. ವರ್ಷದ ಅರ್ಧ ಸಂಸಾರ ನಡೆಯುತ್ತಿದ್ದುದೇ ಅವುಗಳಿಂದ. ಕೈಗೆ ಬಂದ ನಗದು ಅಜ್ಜನಿಗೆ ಅಭ್ಯಾಸವಿಲ್ಲದ ವಸ್ತು. ಎರಡು ಮದುವೆಯಲ್ಲಿ ಮುಗಿಯಿತು. 1894ರ ಭೂಸ್ವಾಧೀನ ಕಾಯಿದೆ ಇದ್ದ ಕಾಲ ಅದು. 2013ರ ಹೊಸ ಕಾಯಿದೆಯಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನ ಕಡ್ಡಾಯವಾಗಿದೆ, ಜಮೀನಿಲ್ಲದೆ ಅದೇ ನೆಲವನ್ನು ನಂಬಿ ದುಡಿಯುವವರೂ ಬಾಧಿತರ ಲೆಕ್ಕಕ್ಕೆ ಬರುತ್ತಾರೆ. ನಮಗೆ ಅದು ಊಟ ಮುಗಿದ ಮೇಲೆ ಬಂದ ಎಲೆ.

ಉತ್ತರ: ಬೇಲೇಕೇರಿ ದಂಡೆ (ಅಂಕೋಲಾ)

ಮೇಲಿನ ಎರಡೂ ಉತ್ತರಗಳನ್ನು ಗೌರವದಿಂದಲೇ ಓದಿದ್ದೇನೆ, ಆದರೆ ಚರ್ಚೆ ಒಂದೇ ಬದಿಗೆ ವಾಲುತ್ತಿದೆ. ನಮ್ಮ ಜಿಲ್ಲೆಯಲ್ಲಿ ಬಡತನ ಇಳಿದಿಲ್ಲವೇ? ಇಳಿದಿದೆ. ಅದನ್ನು ಇಳಿಸಿದ್ದು ಅಣೆಕಟ್ಟಲ್ಲ, ಗೇಣಿ ಪದ್ಧತಿಯನ್ನು ಕೊನೆಗಾಣಿಸಿದ 1974ರ ಭೂಸುಧಾರಣಾ ತಿದ್ದುಪಡಿ. ದೇವರಾಜ ಅರಸರ ಕಾಲದ ಆ ಕಾಯಿದೆಯಿಂದ ಹೆಚ್ಚು ಲಾಭ ಪಡೆದ ಜಿಲ್ಲೆಗಳಲ್ಲಿ ಉತ್ತರ ಕನ್ನಡ, ದಕ್ಷಿಣ ಕನ್ನಡ ಎರಡೂ ಮುಂದಿವೆ, ಏಕೆಂದರೆ ಇಲ್ಲಿ ಉಳುವವರಲ್ಲಿ ಹೆಚ್ಚಿನವರು ಗೇಣಿದಾರರೇ ಆಗಿದ್ದರು. ಭೂ ನ್ಯಾಯಮಂಡಳಿಗೆ ಗೇಣಿ ಜಮೀನಿನ ಹಕ್ಕು ಕೇಳುವ ಏಳನೇ ನಂಬರಿನ ಫಾರ್ಮು ತುಂಬಿಕೊಡಲು ನನ್ನ ಅಜ್ಜ ಮೂರು ದಿನ ಅಂಕೋಲೆಗೆ ನಡೆದು ಹೋಗಿದ್ದರಂತೆ. ಅಲ್ಲಿಯವರೆಗೆ ಕೊಯ್ಲು ಮುಗಿದೊಡನೆ ಭತ್ತ ಅಳೆದು ಒಡೆಯರ ಮನೆಗೆ ಹೊತ್ತು ಹಾಕಿ, ಉಳಿದದ್ದರಲ್ಲಿ ಆಷಾಢದವರೆಗೂ ಗಂಜಿ ಸಾಲುತ್ತಿರಲಿಲ್ಲ. ಮಂಡಳಿಯ ಆದೇಶದ ಪ್ರತಿಯನ್ನು ಅವರು ಮದುವೆಯ ಶಾಲಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದರು; ನಮ್ಮ ತಂದೆ ಶಾಲೆ ಬಿಡದೆ ಓದಿದ್ದು ಆ ಕಾಗದದ ಬಲದಿಂದ.

ಈ ಕಾಯಿದೆ ಆಕಾಶದಿಂದ ಉದುರಿದ್ದೂ ಅಲ್ಲ. ದಿನಕರ ದೇಸಾಯಿಯವರು ಬ್ರಿಟಿಷರ ಕಾಲದಲ್ಲಿಯೇ ಇಲ್ಲಿ ರೈತರನ್ನು ಸಂಘಟಿಸಿ ಜಿಲ್ಲೆಯಿಂದ ಗಡೀಪಾರಾಗಿದ್ದರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಕರಾವಳಿಯ ಉದ್ದಕ್ಕೂ ಪ್ರೌಢಶಾಲೆಗಳನ್ನು ತೆರೆದರು. ನೆಲ ಮತ್ತು ಶಾಲೆ, ಈ ಎರಡನ್ನೂ ಒಬ್ಬರೇ ಬೇಡಿದ್ದನ್ನು ಗಮನಿಸಿ. ತೈವಾನ್ 1949ರಲ್ಲಿ ಗೇಣಿಯನ್ನು ಬೆಳೆಯ ಶೇಕಡಾ 37.5ಕ್ಕೆ ಮಿತಿಗೊಳಿಸಿ, 1953ರಲ್ಲಿ ಉಳುವವನಿಗೆ ಭೂಮಿ ಕೊಟ್ಟು, ಆಮೇಲೆ ಕಾರ್ಖಾನೆಗಳ ಕಡೆ ತಿರುಗಿತು. ದಕ್ಷಿಣ ಕೊರಿಯಾದ ಕ್ರಮವೂ ಹೆಚ್ಚುಕಡಿಮೆ ಅದೇ. ನಾವು ನೆಲ, ಶಾಲೆ ಎಂಬ ಮೊದಲ ಎರಡು ಮೆಟ್ಟಿಲು ಹತ್ತಿ, ಕಾರ್ಖಾನೆ ಎಂಬ ಮೂರನೆಯದರ ಮುಂದೆ ನಿಂತೆವು. ಓದಿದ ಹುಡುಗರಿಗೆ ಇಲ್ಲಿ ತಕ್ಕ ಕೆಲಸವಿಲ್ಲ. ರೈಲು ತುಂಬಿರುವುದು ಅದಕ್ಕೆ.

ಉತ್ತರ: ಅಡಿಕೆ ಸಿಂಗಾರ (ಶಿರಸಿ)

ಅಂಕೋಲೆಯವರ ಮಾತಿಗೆ ಒಂದು ತಿದ್ದುಪಡಿ. 1974ರ ಕಾಯಿದೆ ಗೇಣಿದಾರರಿಗೆ ನೆರವಾಯಿತು, ಗೇಣಿಯೂ ಇಲ್ಲದವರಿಗೆ ಅಲ್ಲ. ಘಟ್ಟದ ಮೇಲೆ ಅರಣ್ಯದಂಚಿನಲ್ಲಿ ಎರಡು ಮೂರು ತಲೆಮಾರಿನಿಂದ ಸಾಗುವಳಿ ಮಾಡುತ್ತ ಬಂದವರನ್ನು ಇಂದಿಗೂ ಅತಿಕ್ರಮಣದಾರರು ಎಂದೇ ಕರೆಯುತ್ತೇವೆ. 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಪರಿಶಿಷ್ಟ ಪಂಗಡದವರಲ್ಲದವರು 75 ವರ್ಷಗಳ ವಾಸಕ್ಕೆ ಪುರಾವೆ ಕೊಡಬೇಕು. ಅಕ್ಷರ ಬಾರದ ಅಜ್ಜ ಯಾವ ಪುರಾವೆಯನ್ನು ಬರೆದಿಟ್ಟಿರುತ್ತಾನೆ? ಆಫ್ರಿಕಾ ಮೂಲದ ಸಿದ್ದಿಯರಿಗೆ 2003ರಲ್ಲಿ ಪಂಗಡದ ಮಾನ್ಯತೆ ದೊರೆತದ್ದರಿಂದ ಅವರಿಗೆ ಆ ಷರತ್ತಿಲ್ಲ. ಪಹಣಿ ಇಲ್ಲದ ಜಮೀನಿನ ಮೇಲೆ ಬ್ಯಾಂಕು ಸಾಲ ಕೊಡುವುದಿಲ್ಲ. ಪೆರು ದೇಶದ ಅರ್ಥಶಾಸ್ತ್ರಜ್ಞ ಹೆರ್ನಾಂಡೊ ಡಿ ಸೊಟೊ ಬಡವರ ಆಸ್ತಿಯನ್ನು ಸತ್ತ ಬಂಡವಾಳವೆಂದು ಕರೆದದ್ದು ಇದನ್ನೇ, ಹಕ್ಕುಪತ್ರ ಕೊಟ್ಟ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆಂಬ ಅವರ ನಂಬಿಕೆ ಸ್ವಲ್ಪ ಅತಿಯಾಯಿತು ಎನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು, ಕಾಯಿಲೆ. ಬಡತನದಿಂದ ಮೇಲೆದ್ದ ಮನೆಗಳು ಮತ್ತೆ ಏಕೆ ಜಾರುತ್ತವೆ ಎಂದು ಸಂಶೋಧಕ ಅನಿರುದ್ಧ ಕೃಷ್ಣ ಅವರು ರಾಜಸ್ಥಾನ, ಕೆನ್ಯಾ, ಉಗಾಂಡಾ, ಪೆರುಗಳ ಹಳ್ಳಿಗಳಲ್ಲಿ ವಿಚಾರಿಸಿದಾಗ ಹೆಚ್ಚಿನ ಕಡೆ ಮೊದಲಿಗೆ ಬಂದ ಕಾರಣ ಚಿಕಿತ್ಸೆಯ ಖರ್ಚು. ಹೃದಯಕ್ಕೋ ತಲೆಗೋ ಪೆಟ್ಟಾದರೆ ಮಣಿಪಾಲ, ಹುಬ್ಬಳ್ಳಿ ಅಥವಾ ಗೋವಾದ ದಾರಿ ಹಿಡಿಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಳಿದಂಡೆ (ಕಾರವಾರ)

ಎಲ್ಲರಿಗೂ ಕೃತಜ್ಞತೆಗಳು. ನನ್ನ ಪ್ರಶ್ನಾವಳಿಯನ್ನು ಬದಲಾಯಿಸಬೇಕೆಂದು ತೀರ್ಮಾನಿಸಿದ್ದೇನೆ. ಮಿರ್ಜಾನದ ಹತ್ತಿರ ಅಘನಾಶಿನಿ ಹೊಳೆಯ ಇಳಿತದ ನೀರಿನಲ್ಲಿ ಬೆಳಚು (ಚಿಪ್ಪುಮೀನು) ಹೆಕ್ಕುವ ಅಕ್ಕನೊಬ್ಬರನ್ನು ಕಳೆದ ವಾರ ಮಾತನಾಡಿಸಿದೆ. ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕದಲ್ಲಿ 12 ಅಂಶಗಳಿವೆ. ಅವರ ಮನೆಯಲ್ಲಿ ವಿದ್ಯುತ್ತು, ಶೌಚಾಲಯ, ಗ್ಯಾಸು, ಬ್ಯಾಂಕ್ ಖಾತೆ ಎಲ್ಲವೂ ಇದ್ದು, ಆ ಲೆಕ್ಕದಲ್ಲಿ ಅವರು ಬಡವರಲ್ಲ. ಸೊಂಟದ ತನಕ ನೀರಿನಲ್ಲಿ ನಾಲ್ಕು ತಾಸು ನಿಂತು ತಂದದ್ದನ್ನು ಪೇಟೆಯಲ್ಲಿ ಪಾಲು ಹಾಕಿ ಮಾರುತ್ತಾರೆ. ಮಳೆಗಾಲದಲ್ಲಿ ಹೊಳೆಗೆ ಸಿಹಿನೀರು ಏರಿದರೆ ಆ ದುಡಿಮೆಯೂ ನಿಲ್ಲುತ್ತದೆ. ನಾನು ಆದಾಯವನ್ನಷ್ಟೇ ಕೇಳಿದ್ದೆ. ಈಗ ಮೂರು ಪ್ರಶ್ನೆ ಸೇರಿಸುತ್ತೇನೆ: ಮನೆ ಕೂತಿರುವ ಜಾಗದ ಪಹಣಿ ಯಾರ ಹೆಸರಿನಲ್ಲಿದೆ, ಕಳೆದ ಐದು ವರ್ಷಗಳಲ್ಲಿ ಸಾಲ ಮಾಡಿದ್ದು ಯಾವ ಕಾರಣಕ್ಕೆ, ಮತ್ತು ದುಡ್ಡು ಕೊಡದೆ ಹೊಳೆಯಿಂದ, ಕಾಡಿನಿಂದ ಮನೆಗೆ ಏನೇನು ಬರುತ್ತದೆ. ಮೇಷ್ಟ್ರೇ, ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ, ಕಗ್ಗ ಭತ್ತ ಬೆಳೆಯುವ ಮನೆಗಳನ್ನೂ ಸೇರಿಸಿಕೊಳ್ಳುವ ಆಸೆಯಿದೆ. ಕೊಯ್ಲಿನ ಹೊತ್ತಿಗೆ ಕುಮಟಾಕ್ಕೆ ಬಂದರೆ ತಾವು ನಾಲ್ಕು ಮನೆ ತೋರಿಸಿಕೊಡುವಿರಾ?