ಪದಚರ್ಚೆ: ಸರಕ್ಕೆ ತೂಗುವ ‘ಡಾಲರ್’ ನಮ್ಮಲ್ಲಿಗೆ ಬಂದದ್ದು ಯಾವಾಗ?

ಹೋದ ತಿಂಗಳು ತಮ್ಮ ಅಮೆರಿಕದಿಂದ ಬರುವಾಗ 1921ರ ಒಂದು ಮಾರ್ಗನ್ ಡಾಲರ್ ತಂದುಕೊಟ್ಟ. ಅಂಗೈಯಲ್ಲಿಟ್ಟರೆ ಭಾರ ಗೊತ್ತಾಗುತ್ತದೆ: 26.73 ಗ್ರಾಂ, ಹತ್ತರಲ್ಲಿ ಒಂಬತ್ತು ಪಾಲು ಬೆಳ್ಳಿ. ಒಂದು ಮೈಯಲ್ಲಿ ಸ್ವಾತಂತ್ರ್ಯದೇವಿಯ ತಲೆ, ಇನ್ನೊಂದರಲ್ಲಿ ರೆಕ್ಕೆ ಬಿಚ್ಚಿದ ಹದ್ದು. ದೇವಿಯ ಕೊರಳು ಮುಗಿಯುವಲ್ಲಿ, ಸಾಸಿವೆಕಾಳಿಗಿಂತ ಸಣ್ಣದಾಗಿ, ಅದನ್ನು ರೂಪಿಸಿದ ಜಾರ್ಜ್ ಮಾರ್ಗನ್ ಹೆಸರಿನ ಒಂದಕ್ಷರ. ‘ಡಾಲರ್ ನೋಡು’ ಎಂದು ಅಮ್ಮನ ಕೈಗಿತ್ತೆ. ಹಿಂದೆ ಮುಂದೆ ತಿರುಗಿಸಿ ನೋಡಿ ಅಮ್ಮ ಕೇಳಿದಳು: ‘ಇದಕ್ಕೆ ಕೊಂಡಿ ಎಲ್ಲಿ?’

ನಮ್ಮ ಮನೆಯಲ್ಲಿ ಡಾಲರ್ ಎಂದರೆ ಮೊದಲು ನೆನಪಾಗುವುದು ಹಣವಲ್ಲ, ಸರದ ತುದಿಯ ಬಿಲ್ಲೆ. ಲಕ್ಷ್ಮೀ ಡಾಲರ್, ಗಣೇಶ ಡಾಲರ್. ‘ಸರ ಹಳೆಯದೇ ಇರಲಿ, ಡಾಲರ್ ಬದಲಾಯಿಸಿ ಕೊಡಿ’. ಪದಕವೆಂಬ ಚೆಂದದ ಮಾತು ಹೆಚ್ಚಾಗಿ ಕ್ರೀಡಾಕೂಟದ ಪಾಲಾಗಿದೆ. ಇಂಗ್ಲಿಷಿನ ಡಾಲರಿಗೆ ಈ ಅರ್ಥವಿಲ್ಲ. ಹಾಗಾದರೆ ನಾವು ಇದನ್ನು ಎಲ್ಲಿಂದ ತಂದೆವು?

ನನ್ನ ಊಹೆ ಇಷ್ಟು: ಡಾಲರ್ ಎಂದರೆ ನೋಟಲ್ಲ, ದುಂಡನೆಯ ದೊಡ್ಡ ಬೆಳ್ಳಿನಾಣ್ಯ ಎಂದು ಲೋಕಕ್ಕೆ ಗೊತ್ತಿದ್ದ ಕಾಲದ ಅರ್ಥವನ್ನು ಕನ್ನಡ ಉಳಿಸಿಕೊಂಡಿದೆ. ಪದದ ಹುಟ್ಟೇ ಬೆಳ್ಳಿಯ ಗಣಿಯಲ್ಲಿ. ಬೊಹೀಮಿಯದ (ಇಂದಿನ ಚೆಕ್ ದೇಶದ) ಯೋಆಖಿಮ್ಸ್‌ಟಾಲ್ ಕಣಿವೆಯಲ್ಲಿ 1520ರ ಸುಮಾರಿಗೆ ಅಚ್ಚಾದ ನಾಣ್ಯ ಊರಿನ ಹೆಸರು ಹೊತ್ತು ‘ಟಾಲರ್’ ಆಯಿತು, ಮುಂದೆ ‘ಡಾಲರ್’ ಆಯಿತು. ಲೊಕ್ಕಿಗುಂಡಿಯ (ಇಂದಿನ ಲಕ್ಕುಂಡಿ) ಕಮ್ಮಟದಿಂದ ‘ಲೊಕ್ಕಿ ಗದ್ಯಾಣ’ವೆಂಬ ಹೊನ್ನಿನ ನಾಣ್ಯಕ್ಕೆ ಹೆಸರು ಬಂದಂತೆಯೇ. ಅಮೆರಿಕ ತನ್ನ ಮೊದಲ ಬೆಳ್ಳಿ ಡಾಲರನ್ನು ಅಚ್ಚುಹಾಕಿದ್ದು 1794ರಲ್ಲಿ, ಆ ವರ್ಷ ಹೊರಬಂದದ್ದು 1,758 ಮಾತ್ರ. ‘ಸ್ಪ್ಯಾನಿಷ್ ಡಾಲರ್’ ಎನಿಸಿಕೊಂಡಿದ್ದ ಸ್ಪೇನಿನ ಎಂಟು ರಿಯಾಲಿನ ಬೆಳ್ಳಿನಾಣ್ಯವೂ ಅಲ್ಲಿ 1857ರವರೆಗೆ ಕಾನೂನುಬದ್ಧವಾಗಿ ಚಲಾವಣೆಯಲ್ಲಿತ್ತು. ಇನ್ನು ನಾಣ್ಯವನ್ನು ಕೊರಳಿಗೇರಿಸುವುದು ಕಾಸಿನ ಸರ ಕಂಡ ನಮಗೆ ಹೊಸದೇನಲ್ಲ. ಯೆಮೆನ್, ಇಥಿಯೋಪಿಯಗಳಲ್ಲಿ ಆಸ್ಟ್ರಿಯದ ಮರಿಯಾ ಥೆರೇಸಾ ಟಾಲರಿಗೂ ಹೀಗೆಯೇ ಕೊಂಡಿ ಬಿದ್ದಿದೆ.

ನನ್ನ ಕೈಯಲ್ಲಿರುವ ನಾಣ್ಯಕ್ಕೂ ನಮಗೂ ಒಂದು ನಂಟಿದೆ; ಅದನ್ನು ಓದಿದ ದಿನ ನಾಣ್ಯವನ್ನು ಮತ್ತೆ ತೆಗೆದು ನೋಡಿದೆ. ಮಾರ್ಗನ್ ಡಾಲರ್ 1878ರಿಂದ 1904ರವರೆಗೆ ಅಚ್ಚಾಗಿ ನಿಂತುಹೋಗಿತ್ತು. ಮೊದಲ ಮಹಾಯುದ್ಧದಲ್ಲಿ ಭಾರತದ ಜನ ಕಾಗದದ ನೋಟು ನಂಬದೆ ಬೆಳ್ಳಿ ರೂಪಾಯಿಯೇ ಬೇಕೆಂದಾಗ ಬ್ರಿಟಿಷ್ ಸರ್ಕಾರದ ಬಳಿ ಬೆಳ್ಳಿ ಸಾಲಲಿಲ್ಲ. 1918ರ ಪಿಟ್‌ಮನ್ ಕಾಯಿದೆಯಂತೆ ಅಮೆರಿಕ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರುಗಳನ್ನು ಕರಗಿಸಿತು. ಅದರಲ್ಲಿ ಸುಮಾರು 25.9 ಕೋಟಿ ನಾಣ್ಯಗಳ ಬೆಳ್ಳಿ ಬ್ರಿಟನ್ನಿಗೆ ಮಾರಾಟವಾಯಿತು, ಭಾರತದ ರೂಪಾಯಿಗಾಗಿ. ಕರಗಿದ್ದಷ್ಟನ್ನು ಮತ್ತೆ ಅಚ್ಚುಹಾಕಬೇಕೆಂದೂ ಅದೇ ಕಾಯಿದೆ ಹೇಳಿತ್ತು. ಹಾಗೆ ಮರುಹುಟ್ಟು ಪಡೆದದ್ದು 1921ರ ಈ ಮಾರ್ಗನ್. ಕರಗಿದವು ಯಾವ ಯಾವ ವರ್ಷದವು ಎಂಬ ಲೆಕ್ಕ ಇಡಲಿಲ್ಲವಾದ್ದರಿಂದ, ಅಚ್ಚಾದ ಸಂಖ್ಯೆ ನೋಡಿ ಹಳೆಯ ಮಾರ್ಗನ್ ಅಪರೂಪವೋ ಅಲ್ಲವೋ ಎಂದು ಸಂಗ್ರಾಹಕರು ಇಂದಿಗೂ ನಿರ್ಣಯಿಸಲಾರರು. ಆದರೆ ಇಲ್ಲಿಗೆ ಬಂದದ್ದು ಬೆಳ್ಳಿ, ಡಾಲರಿನ ರೂಪವಲ್ಲ. ಆದ್ದರಿಂದ ಪದ ಆ ಹಡಗಿನಲ್ಲಿ ಬಂದಿರಲಾರದು.

ಬಲ್ಲವರಲ್ಲಿ ಕೇಳುವುದು ಇದನ್ನು. ನಿಮ್ಮ ಸೀಮೆಯಲ್ಲಿ ದುಂಡನೆಯ ಬಿಲ್ಲೆಗೆ ಮಾತ್ರ ಡಾಲರ್ ಎನ್ನುತ್ತಾರೆಯೇ, ನವಿಲು, ಮಾವಿನಕಾಯಿ, ಎಲೆಯ ಆಕಾರದ್ದಕ್ಕೂ ಹೇಳುತ್ತಾರೆಯೇ? ದುಂಡನೆಯದಕ್ಕೆ ಮಾತ್ರ ಎನ್ನುವ ಹಿರಿಯರು ಸಿಕ್ಕರೆ ನನ್ನ ಊಹೆಗೆ ಬಲ ಬರುತ್ತದೆ. 1950ಕ್ಕಿಂತ ಹಿಂದಿನ ಮದುವೆಯ ಒಡವೆಪಟ್ಟಿ, ಅಕ್ಕಸಾಲಿಗರ ಲೆಕ್ಕದ ಪುಸ್ತಕ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ತೆರೆದು ನೋಡಿ, ಅಲ್ಲಿರುವಂತೆಯೇ ಬರೆದು ಕಳಿಸಿ.

ಅಜ್ಜಿ ಇದಕ್ಕೆ ಏನೆನ್ನುತ್ತಿದ್ದಳೆಂದು ಅಮ್ಮನನ್ನು ಕೇಳಿದೆ. ‘ಬಿಲ್ಲೆ ಎನ್ನುತ್ತಿದ್ದಳು, ಡಾಲರ್ ಎಂದದ್ದನ್ನು ನಾನು ಕೇಳಿಲ್ಲ’ ಎಂದಳು. ಬೆಸುಗೆ ತಾಗಿದರೆ ಹಳೆಯ ನಾಣ್ಯದ ಬೆಲೆ ಕೆಡುತ್ತದೆಂದು ಹೇಳಿ, ಕೊಂಡಿ ಹಾಕಿಸದೆ ಹಾಗೆಯೇ ಇಟ್ಟಿದ್ದೇನೆ.