ಪದಚರ್ಚೆ: ಬೆವರು ‘ಉಪ್ಪೇರುತ್ತದೆ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ನನ್ನ ಜೊತೆ ಓಡುವವರಿಗಾಗಿ ಬೆವರಿನ ಬಗ್ಗೆ ಎರಡು ಪುಟದ ಬರಹವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಮೂರು ದಿನದಿಂದ ಒಂದೇ ವಾಕ್ಯದಲ್ಲಿ ಸಿಕ್ಕಿಕೊಂಡಿದ್ದೇನೆ. ಹೇಳಬೇಕಾದದ್ದು ಇಷ್ಟೇ: ಓಟ ಜೋರಾದಂತೆ ಅದೇ ಮನುಷ್ಯನ ಬೆವರು ಮೊದಲಿಗಿಂತ ಹೆಚ್ಚು ಉಪ್ಪಾಗುತ್ತದೆ. ‘ಬೆವರಿನಲ್ಲಿ ಉಪ್ಪಿನ ಪ್ರಮಾಣ ಹೆಚ್ಚುತ್ತದೆ’ ಎಂದು ಬರೆದಿದ್ದೆ. ಓದಿದ ಗೆಳತಿಯೊಬ್ಬಳು, ‘ಜಾಸ್ತಿ ಬೆವರಿದರೆ ಜಾಸ್ತಿ ಉಪ್ಪು ಹೋಗೋದು ಸಹಜ ತಾನೇ, ಇದರಲ್ಲಿ ಹೊಸದೇನು?’ ಎಂದಳು. ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ತಪ್ಪು ನಾನು ಆರಿಸಿದ ಪದದ್ದು.

‘ಪ್ರಮಾಣ’ ನಮ್ಮಲ್ಲಿ ಎರಡು ಕಡೆ ದುಡಿಯುತ್ತದೆ. ‘ಮಳೆಯ ಪ್ರಮಾಣ’ ಎಂದರೆ ಒಟ್ಟು ಅಳತೆ. ‘ಸಾಕ್ಷರತೆಯ ಪ್ರಮಾಣ’ ಎಂದರೆ ನೂರಕ್ಕೆ ಇಷ್ಟು ಎಂಬ ಲೆಕ್ಕ. ಬೆವರಿನಲ್ಲಿ ಈ ಎರಡನ್ನೂ ಬಿಡಿಸಿ ಹೇಳದೆ ವಿಧಿಯಿಲ್ಲ. ಒಬ್ಬರು ಗಂಟೆಗೆ ಅರ್ಧ ಲೀಟರ್ ಬೆವರುತ್ತಾರೆ, ಅದರಲ್ಲಿ ಲೀಟರಿಗೆ 20 ಮಿಲಿಮೋಲ್ (ಕಣಗಳನ್ನು ಎಣಿಸುವ ಅಳತೆ) ಸೋಡಿಯಂ ಇದೆ ಎನ್ನಿ; ಸೋಡಿಯಂ, ಕ್ಲೋರೈಡ್ ಸೇರಿದ್ದೇ ಉಪ್ಪು. ಗಂಟೆಗೆ ಹೋದದ್ದು 10. ವೇಗ ಹೆಚ್ಚಿ ಒಂದೂವರೆ ಲೀಟರ್ ಬೆವರುವಾಗ ಅದು ಲೀಟರಿಗೆ 60ಕ್ಕೆ ಏರಿದ್ದರೆ, ಹೋದದ್ದು 90. ಬೆವರು ಮೂರು ಪಟ್ಟು, ಸೋಡಿಯಂ ಒಂಬತ್ತು ಪಟ್ಟು. ಲೆಕ್ಕಕ್ಕೆಂದು ಹಿಡಿದ ಅಂಕಿಗಳಾದರೂ ಇವು ನಿಜವಾದ ಬೆವರಿನ ಹರವಿನೊಳಗೇ ಇವೆ. ಮೈಮೇಲಿನ ಬೆವರಿನಲ್ಲಿ ಸೋಡಿಯಂ ಸಾಮಾನ್ಯವಾಗಿ 10ರಿಂದ 90ರ ನಡುವೆ ಇರುತ್ತದೆ. ಗೆಳತಿಗೆ ಕಂಡದ್ದು ಮೊದಲ ಮೂರು ಪಟ್ಟು. ನಾನು ಹೇಳಹೊರಟದ್ದು ಅದರ ಮೇಲೆ ಬಂದು ಕೂರುವ ಇನ್ನೊಂದು ಮೂರು ಪಟ್ಟಿನ ಕಥೆ.

ಹಾಗಾದರೆ ಯಾವ ಪದ? ‘ಲವಣಾಂಶ’ ಎಂದರೆ ಓದುವವರು ಎಲ್ಲ ಖನಿಜಗಳನ್ನೂ ಸೇರಿಸಿಕೊಳ್ಳುತ್ತಾರೆ. ‘ಸಾಂದ್ರತೆ’ ಖಚಿತವಾದ ಪದ, ಪ್ರಯೋಗಾಲಯದಲ್ಲಿ ಅದೇ ಇರಲಿ. ಸಮುದ್ರದ ನೀರಿಗೆ ಭೂಗೋಳದ ಪುಸ್ತಕಗಳು ಬಳಸುವ ‘ಲವಣತೆ’ಯೂ ಅರ್ಥದಲ್ಲಿ ಸರಿಹೊಂದುತ್ತದೆ, ಅದು ಸಾವಿರಕ್ಕೆ ಎಷ್ಟು ಎಂಬುದನ್ನೇ ಹೇಳುತ್ತದೆ: ಸಮುದ್ರದಲ್ಲಿ ಸುಮಾರು 35, ಬೆವರಿನಲ್ಲಿ ಬಹುಪಾಲು 1ರಿಂದ 5. ಆದರೆ ಓಡಿ ಬಂದು ಮುಖ ಒರೆಸಿಕೊಳ್ಳುತ್ತಿರುವವರ ಬಾಯಲ್ಲಿ ಅದು ಕೂರುವುದಿಲ್ಲ. ‘ಕ್ಷಾರತೆ’ಯನ್ನು ಮಾತ್ರ ದಯವಿಟ್ಟು ಈ ಅರ್ಥದಲ್ಲಿ ಬಳಸಬೇಡಿ. ಕ್ಷಾರವೆಂದರೆ ಆಮ್ಲದ ಎದುರಾಳಿ; ಬೆವರಾದರೋ ಸಾಮಾನ್ಯವಾಗಿ ತುಸು ಆಮ್ಲೀಯ. ‘ಸವುಳು’ ನನಗೆ ಇಷ್ಟವಾದ ಪದ. ಸಿಹಿನೀರೂ ಅಲ್ಲದ ಸಮುದ್ರದ ನೀರೂ ಅಲ್ಲದ ನೀರಿಗೆ ಹೇಳುವ ಮಾತು ಬೆವರಿಗೆ ಅಳತೆಯಲ್ಲೂ ಒಪ್ಪುತ್ತದೆ. ಆದರೆ ಅದಕ್ಕೆ ನೆಲದ, ಬಾವಿಯ ವಾಸನೆ ಅಂಟಿಕೊಂಡಿದೆ.

ಆಗ ಹೊಳೆದದ್ದು ‘ಉಪ್ಪೇರು’. ಕಾವೇರು, ರಂಗೇರು, ಬಿಸಿಯೇರು ಇವೆ. ಅಲ್ಲೆಲ್ಲ ಏರುವುದು ಗುಣ, ಉಪ್ಪು ವಸ್ತು ಎಂದು ಯಾರಾದರೂ ತಕರಾರು ತೆಗೆದರೆ ವಿಷವೇರು, ಅಮಲೇರು ಎಂಬ ಉತ್ತರವಿದೆ. ‘ಓಟ ಜೋರಾದಂತೆ ಬೆವರು ಉಪ್ಪೇರುತ್ತದೆ’ ಎಂದಾಗ ಒಟ್ಟು ಉಪ್ಪಿನ ಮಾತು ಮನಸ್ಸಿಗೆ ಬರುವುದಿಲ್ಲ, ಬೆವರಿನ ಪ್ರತಿ ಹನಿಯೂ ಬದಲಾದಂತೆ ಕೇಳಿಸುತ್ತದೆ. ನನಗೆ ಬೇಕಾದದ್ದು ಅದೇ.

ಇದಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು ಕ್ರಿಯಾಪದ. ‘ಬೆವರಿನ ಮೂಲಕ ದೇಹವು ಉಪ್ಪನ್ನು ಹೊರಹಾಕುತ್ತದೆ’ ಎಂಬ ವಾಕ್ಯ ಎಲ್ಲೆಲ್ಲೂ ಇದೆ, ನಾನೂ ವರ್ಷಗಟ್ಟಲೆ ಬರೆದಿದ್ದೇನೆ. ಹೊರಹಾಕುವುದು ಬೇಡದ್ದನ್ನು. ಒಳಗೆ ನಡೆಯುವುದು ನೋಡಿದರೆ ಈ ಪದ ತೀರಾ ತಿರುಗುಮುರುಗು. ಚರ್ಮದಲ್ಲಿ 20ರಿಂದ 40 ಲಕ್ಷ ಬೆವರಿನ ಗ್ರಂಥಿಗಳಿವೆ. ಒಂದೊಂದಕ್ಕೂ ಬುಡದಲ್ಲಿ ಒಂದು ಸುರುಳಿ, ಅಲ್ಲಿಂದ ಚರ್ಮದ ಮೇಲಕ್ಕೆ ಒಂದು ಸಣ್ಣ ನಾಳ. ಸುರುಳಿಯಲ್ಲಿ ಒಸರುವ ದ್ರವ ರಕ್ತದ ನೀರಿನಷ್ಟೇ ಉಪ್ಪು, ಸೋಡಿಯಂ ಲೀಟರಿಗೆ ಸುಮಾರು 140 ಮಿಲಿಮೋಲ್. ಅದು ಮೇಲೇರುವ ದಾರಿಯಲ್ಲಿ ನಾಳದ ಗೋಡೆ ಸೋಡಿಯಂ, ಕ್ಲೋರೈಡ್‌ಗಳನ್ನು ಮರಳಿ ಎಳೆದುಕೊಳ್ಳುತ್ತದೆ. ನೀರನ್ನು ಹಾಗೆಯೇ ಮುಂದಕ್ಕೆ ಬಿಡುತ್ತದೆ. ಬೆವರು ನಿಧಾನಕ್ಕೆ ಜಿನುಗುವಾಗ ಎಳೆದುಕೊಳ್ಳಲು ಪುರುಸೊತ್ತಿದೆ, ಹೊರಬರುವ ಹನಿ ಸಪ್ಪೆ. ಬೆವರು ಸುರಿಯತೊಡಗಿದರೆ ನಾಳದ ಕೈ ಸಾಲದು, ಬಹಳಷ್ಟು ಉಪ್ಪು ಹನಿಯಲ್ಲೇ ಉಳಿದು ಹೊರಗೆ ಬಂದುಬಿಡುತ್ತದೆ. ಎಷ್ಟೇ ಉಪ್ಪೇರಿದರೂ ಬೆವರು ಸಾಮಾನ್ಯವಾಗಿ ರಕ್ತಕ್ಕಿಂತ ಸಪ್ಪೆಯೇ. ಉಳಿಸಿಕೊಳ್ಳಲು ಇಷ್ಟು ಪಾಡುಪಡುವ ಅಂಗದ ಬಗ್ಗೆ ‘ಹೊರಹಾಕುತ್ತದೆ’ ಎಂದು ಬರೆಯಲು ಈಗ ಕೈ ಬರುವುದಿಲ್ಲ. ‘ಉಪ್ಪು ಸೋರಿಹೋಗುತ್ತದೆ’ ಎಂದು ತಿದ್ದಿದ್ದೇನೆ.

ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯಲ್ಲಿ ಕ್ಲೋರೈಡ್ ಮರಳುವ ದಾರಿಯೇ ಕೆಟ್ಟಿರುತ್ತದೆ. ಅಂಥ ಮಕ್ಕಳ ಬೆವರು ಸುಮ್ಮನೆ ಕೂತಿದ್ದಾಗಲೂ ಬಹಳ ಉಪ್ಪು ಎಂಬುದು 1953ರಲ್ಲೇ ಪ್ರಕಟವಾಯಿತು. ಇಂದಿಗೂ ಬೆವರಿನ ಕ್ಲೋರೈಡ್ ಲೀಟರಿಗೆ 60 ಮಿಲಿಮೋಲ್ ಮುಟ್ಟಿದರೆ ವೈದ್ಯರು ಆ ಕಾಯಿಲೆಯನ್ನು ಶಂಕಿಸುತ್ತಾರೆ. ಅಲ್ಲೂ ‘ಹೆಚ್ಚು ಹೊರಹಾಕುತ್ತದೆ’ ಎಂದರೆ ಅರ್ಥ ಕೆಡುತ್ತದೆ. ಮರಳಿ ಹೀರಿಕೊಳ್ಳಲು ಆಗದು ಎನ್ನಬೇಕು.

ಮೊನ್ನೆ ಓಡುವಾಗ ನಾನೇ ಪರೀಕ್ಷಿಸಿದೆ. ಹತ್ತನೇ ನಿಮಿಷಕ್ಕೆ ಮೇಲ್ದುಟಿಯನ್ನು ನಾಲಿಗೆಯಿಂದ ಸವರಿದರೆ ಬರೀ ನೀರಿನಂತಿತ್ತು. ನಲವತ್ತನೇ ನಿಮಿಷಕ್ಕೆ ಹುಬ್ಬಿನಿಂದ ಇಳಿದ ಹನಿ ಕಣ್ಣು ಉರಿಸಿತು, ತುಟಿ ಚೆನ್ನಾಗಿ ಉಪ್ಪಾಗಿತ್ತು. ಇದೊಂದೇ ಸಾಕ್ಷಿಯಾಗದು. ಮೊದಲ ಬೆವರಿನ ನೀರು ಆರಿ ಉಪ್ಪು ಚರ್ಮದ ಮೇಲೇ ನಿಂತಿರುತ್ತದೆ, ಹೊಸ ಹನಿ ಅದನ್ನೂ ಕರಗಿಸಿಕೊಂಡು ಬರುತ್ತದೆ. ಹಾಗಾಗಿ ಎರಡು ಪದ ಬೇಕು: ಗ್ರಂಥಿಯೊಳಗೆ ಆಗುವುದು ‘ಉಪ್ಪೇರುವುದು’, ಚರ್ಮದ ಮೇಲೆ ಆರಿ ನಿಲ್ಲುವುದು ‘ಉಪ್ಪುಗಟ್ಟುವುದು’. ‘ಬೆವರಿದ’, ‘ಬೆವೆತ’ ಎರಡೂ ಇರುವುದು ನನಗೆ ಇಲ್ಲಿ ಉಪಯೋಗಕ್ಕೆ ಬಂತು. ನನ್ನ ಕಿವಿಗೆ ಹತ್ತನೇ ನಿಮಿಷದ್ದು ಬೆವರಿದ ಮೈ, ನಲವತ್ತನೆಯದು ಬೆವೆತ ಮೈ.

ಬಿಸಿಲಿನಲ್ಲಿ ದಿನವೂ ಒಂದೆರಡು ವಾರ ಓಡಿದರೆ ಬೆವರು ಮತ್ತೆ ಸಪ್ಪಗಾಗತೊಡಗುತ್ತದೆ. ಮೊದಲಿಗಿಂತ ಹೆಚ್ಚು ಬೆವರುತ್ತೇವೆ, ಆದರೆ ಅಷ್ಟೇ ಬೆವರಿನಲ್ಲಿ ಮೊದಲಿನಷ್ಟು ಉಪ್ಪಿರುವುದಿಲ್ಲ. ಉಪ್ಪನ್ನು ಹಿಡಿದಿಡಲು ಹೇಳುವ ಆಲ್ಡೋಸ್ಟೆರೋನ್ ಎಂಬ ಹಾರ್ಮೋನಿನ ಮಾತನ್ನು ನಾಳ ಕೇಳುತ್ತದೆ. ಇದಕ್ಕೆ ಉದ್ದುದ್ದ ಸಂಸ್ಕೃತ ಪದ ಕಟ್ಟುವುದು ಬೇಡ, ‘ಒಗ್ಗು’ ಇದ್ದೇ ಇದೆ. ‘ಮೈಗೆ ಬಿಸಿಲು ಒಗ್ಗಿತು’ ಎನ್ನುವವರಿದ್ದಾರೆ, ‘ಮೈ ಬಿಸಿಲಿಗೆ ಒಗ್ಗಿತು’ ಎನ್ನುವವರೂ ಇದ್ದಾರೆ. ಬದಲಾಗುವುದು ಮೈ ಆದ್ದರಿಂದ ನಾನು ಎರಡನೆಯದನ್ನು ಹಿಡಿದಿದ್ದೇನೆ.

ಈಗ ನನ್ನ ಪ್ರಶ್ನೆಗಳು. ‘ಉಪ್ಪೇರು’ ಎಂಬುದನ್ನು ಯಾರಾದರೂ ಆಡುಮಾತಿನಲ್ಲಿ ಕೇಳಿದ್ದೀರಾ, ಅಥವಾ ಇದು ನನ್ನ ಕಟ್ಟಣೆಯಾಗಿಯೇ ಕೇಳಿಸುತ್ತದೆಯೇ? ಇದರ ವಿರುದ್ಧಕ್ಕೆ ‘ಸಪ್ಪಗಾಗು’ ಸಾಕೇ, ಅಥವಾ ಅದರಲ್ಲಿ ಬೇಸರದ, ಮಂಕಾದ ಛಾಯೆ ಬಂದುಬಿಡುತ್ತದೆಯೇ? ಇನ್ನೊಂದು: ಕಪ್ಪು ಅಂಗಿಯ ಬೆನ್ನ ಮೇಲೆ ಬೆವರು ಆರಿದಾಗ, ಅಲೆ ಹಿಂದೆ ಸರಿದಂತೆ ಒಂದರೊಳಗೊಂದು ಬಿಳಿಯ ಅಂಕುಡೊಂಕು ಗೆರೆಗಳು ಉಳಿಯುತ್ತವಲ್ಲ, ಅದಕ್ಕೆ ನೀವು ಮನೆಯಲ್ಲಿ ಏನೆನ್ನುತ್ತೀರಿ? ‘ಬೆವರಿನ ಕಲೆ’ ಎಂದರೆ ಹಳದಿ ಕಲೆಯೂ ಅದರೊಳಗೆ ಸೇರಿಬಿಡುತ್ತದೆ. ನನಗೆ ಆ ಬಿಳಿ ಗೆರೆಗಷ್ಟೇ ಒಂದು ಹೆಸರು ಬೇಕು.